ಕೊನೆಯ ನುಡಿ

ಮೃಗಶಿರದ ಆಚೆ ಎಲ್ಲೋ ಹತ್ತು ಸಾವಿರ ಹಡಗು
ಉಸಿರು ಬಿಗಿಹಿಡಿದು ನಿಂತಿವೆ.
ಕಾಯುತ್ತಿರುವುದು ನನಗಾಗಿ.

ಕಾನೂನು ಹಾಗಿದೆ: ಒಕ್ಕೂಟದ ಎಲ್ಲ ನುಡಿಗಳಲ್ಲೂ
ಸಾರಿದ ಮೇಲೆಯೇ ಯುದ್ಧ ಯುದ್ಧ,
ಅಲ್ಲೀತನಕ ಬರೀ ಜಗಳ.
ಏಳುನೂರ ಹನ್ನೆರಡು ಮುಗಿದವು. ಉಳಿದದ್ದು ನಮ್ಮದು.

ಮಳವಳ್ಳಿ ತಾಲ್ಲೂಕು ಕಚೇರಿ, ಹಿಂದಿನ ಕೋಣೆ,
ಪಹಣಿ ಕಂತೆಗಳ ನಡುವೆ ಅಲ್ಲಾಡುವ ಮೇಜು.
ಓಲೆಯಲ್ಲಿ ಮೂರೇ ಸಾಲು.
ಸುಡುವುದಕ್ಕೆ ಪದ ಬೇಕಾದಷ್ಟು ಸಿಕ್ಕವು:
ಉರಿಸು, ಬೇಯಿಸು, ಕಮರಿಸು, ಸೀಯಿಸು.
ಇದರಲ್ಲಿ ನಾವು ಧಾರಾಳಿಗಳು.
ಎಡವಿದ್ದು ಮೊದಲ ಪದದಲ್ಲೇ.

ಅವರಲ್ಲಿ 'ನಾವು' ಎರಡು.
ಕೇಳುವವನನ್ನೂ ಒಳಗೆ ಕೂರಿಸಿಕೊಂಡದ್ದು ಒಂದು,
ಹೊರಗೆ ನಿಲ್ಲಿಸಿ ಕದ ಹಾಕಿಕೊಂಡದ್ದು ಇನ್ನೊಂದು.
ಯುದ್ಧ ಸಾರಿರುವುದು ಆ ಇನ್ನೊಂದು.

ಹೊಳೆಯ ಕೆಳಗಿನ ತಮಿಳರು ಎರಡನ್ನೂ ಜೋಪಾನವಾಗಿಟ್ಟಿದ್ದಾರೆ.
ನಾವು ಎಲ್ಲಿ ಕಳಕೊಂಡೆವೋ, ಶಿಂಷೆ ದಾಟುವಾಗಲೋ,
ಯಾವ ಸಂತೆಯ ನೂಕುನುಗ್ಗಲಲ್ಲೋ,
ಕಳೆದದ್ದು ಗೊತ್ತೂ ಆಗದ ಹಾಗೆ.

'ನಾವಷ್ಟೇ' ಎಂದು ಬರೆದೆ, ಹೊಡೆದೆ.
'ನೀವಲ್ಲದ ನಾವು'. ಥೂ, ಇದೂ ಒಂದು ಕನ್ನಡವೇ?
ಎಂಟು ನಕ್ಷತ್ರದಾಚೆಯಿಂದ ಅಧಿಕಾರಿಯ ದನಿ:
ಆಯಿತೇ? ಆಯಿತೇ?

ಕರೆಂಟು ಹೋಯಿತು. ಕಬ್ಬಿನ ಲಾರಿಯೊಂದು ಏದುತ್ತ ದಿಣ್ಣೆ ಹತ್ತಿತು.
ತಮ್ಮ ನೆನಪಾದ.
ಪಾಲಾದ ದಿನ ಹೊಸಿಲ ಮೇಲೆ ನಿಂತು
"ನಾವಿನ್ನು ಬೇರೆ" ಅಂದಿದ್ದ.
ಆ 'ನಾವು'ವಿನಲ್ಲಿ ನಾನಿರಲಿಲ್ಲ.
ಹಾಗಾದರೆ ಇದೆಯಲ್ಲ ಎರಡನೆಯದೂ,
ನಾಲಗೆಯ ಬುಡದಲ್ಲಿ, ಅಕ್ಷರಕ್ಕೆ ಸಿಗದೆ.

ಬೆಳಗ್ಗೆ, ಬರೀ 'ನಾವು' ಎಂದು ಬರೆದು
ಮಂಚಯ್ಯನ ಕೈಗೆ ಕೊಟ್ಟೆ.
ಬಸ್ ನಿಲ್ದಾಣದ ಮುಂದೆ ಅವನು ತಮಟೆ ಬಡಿದ, ಓದಿದ:
ನಾವು ಯುದ್ಧಕ್ಕೆ ಹೊರಟಿದ್ದೇವೆ.

ಸೊಪ್ಪಿನವಳು ಕೊತ್ತಂಬರಿಗೆ ನೀರು ಚಿಮುಕಿಸುತ್ತ ಕೇಳಿದಳು:
"ಯಾವ್ ನಾವು ಮಂಚಣ್ಣ? ನನ್ನೂ ಸೇರುಸ್ಕಂಡಾ?"

ಅವನು ಹಾಳೆ ಮಗುಚಿ ನೋಡಿದ. ಹಿಂದೆ ಏನೂ ಇರಲಿಲ್ಲ.

ಅಷ್ಟರಲ್ಲಿ ಅಲ್ಲಿ ಹೊತ್ತಿಕೊಂಡಿತ್ತು.
ಆ ಬೆಳಕು ಮಳವಳ್ಳಿಗೆ ಕಾಣಲು ಇನ್ನೂ ನಾನೂರು ವರ್ಷ ಬೇಕು.
ಮಂಚಯ್ಯ ಮೂಲೆಯಲ್ಲಿ ಕಾಗದ ಉರಿಸಿ ತಮಟೆ ಕಾಯಿಸಿದ,
ಇನ್ನು ಹಲಗೂರಿನಲ್ಲೂ ಸಾರಬೇಕಿತ್ತು.
ಯಾವ ಕಾಗದ ಎಂದು ನಾನು ಕೇಳಲಿಲ್ಲ.