ಮುಳ್ಳು ಏಳಲಿಲ್ಲ

ಹಿರಿಯೂರಿನ ಹೊಸದುರ್ಗ ರಸ್ತೆಯಲ್ಲಿ ನನ್ನದು ರಿವೈಂಡಿಂಗ್ ಅಂಗಡಿ.
ಬೋರಿನೊಳಗೆ ಸುಟ್ಟ ಮೋಟಾರು ಬರುತ್ತದೆ,
ತಾಮ್ರ ಸುತ್ತುತ್ತೇನೆ, ಹೋಗುತ್ತದೆ.
ಒಂದು ಮಧ್ಯಾಹ್ನ ಪಕ್ಕದ ಗ್ಯಾರೇಜಿನ ದಾದಾಪೀರ್
ಟ್ರಾಕ್ಟರಿನ ಹಿಂದೆ ದೋಣಿ ಕಟ್ಟಿಕೊಂಡು ಬಂದ.

ಹುಟ್ಟು ಹಾಕುವ ದೋಣಿಯಲ್ಲ.
ನೇಗಿಲ ಕುಳದಂಥ ಹೊಟ್ಟೆ, ಕೂತರೆ ನೆಲ ಕಾಣದಷ್ಟು ಉದ್ದ ಮೂಗು,
ಹಿಂದೆ ಎಂಟು ಸಿಲಿಂಡರಿನ ಎಂಜಿನ್ನು.
ಅದರ ಮೇಲೊಂದು ಕೋಳಿ ಕಾವಿಗೆ ಕೂತಿತ್ತು.

ಯಾರೋ ಕಂಟ್ರಾಕ್ಟರು ಡ್ಯಾಮು ನೋಡಲು ಬರುವವರಿಗೆಂದು
ಮುಂಬಯಿಯಿಂದ ತರಿಸಿ, ಪರವಾನಗಿ ಸಿಗದೆ,
ಗೋಡೌನಿನ ಹಿಂದೆ ಹದಿನೇಳು ವರ್ಷ ಬಿಸಿಲಿಗೆ ಬಿಟ್ಟದ್ದು.
ಶೇಂಗಾ ಮಿಲ್ಲಿನ ವೇಬ್ರಿಡ್ಜಿನಲ್ಲಿ ತೂಗಿ
ಗುಜರಿ ದರಕ್ಕೆ ಕೊಂಡೆವು. ಕೋಳಿಯನ್ನು ವಾಪಸು ಕೊಟ್ಟೆವು.

“ದೋಣಿ ಸರಿ, ಓಬಕ್ಕ, ಸಮುದ್ರ ಯಾವಾಗ ಬರುತ್ತೆ?”
ಎದುರಿನ ಟೀ ಅಂಗಡಿ ಪಾಲಯ್ಯ ಕೇಳಿದ.
ಮರುದಿನವೂ ಕೇಳಿದ. ಅದರ ಮರುದಿನವೂ.

ಸಂತೆಯಲ್ಲಿ ನಮ್ಮವ್ವ ಮಡಿಕೆಯನ್ನು
ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ತಟ್ಟುತ್ತಿದ್ದಳು.
ಠಣ್ ಅಂದರೆ ಮನೆಗೆ,
ಬೊದ್ ಅಂದರೆ ಮಾತಿಲ್ಲದೆ ಕುಂಬಾರನ ಮುಂದೆ.
ನಾನೂ ತಟ್ಟಿದೆ, ಮೂಗಿನಿಂದ ಹಿಡಿದು ಗೇಣು ಗೇಣಾಗಿ.
ಠಣ್. ಠಣ್. ಠಣ್.
ಎಂಜಿನ್ನು ಹೊತ್ತ ಹಿಂಬದಿ ಹಲಗೆಗೆ ಬಂದಾಗ
ಬೊದ್.

ಹೊರಗೆ ಹೊಳಪು. ಒಳಗೆ ಮರ ನೆನೆದ ಶೇಂಗಾ ಹಿಂಡಿ.
ಕತ್ತರಿಸಿದರೆ, ಹದಿನೇಳು ವರ್ಷ ನೀರು ಕಾಣದ ದೋಣಿಯೊಳಗಿಂದ
ನೀರು ಬಂತು, ಅರ್ಧ ಕೊಡ, ಡಿಕಾಕ್ಷನ್ನಿನ ಬಣ್ಣ.
ನಾಲಿಗೆಗೆ ಹಚ್ಚಿದೆ. ದಾದಾಪೀರ್ ಬೈದ.
ಉಪ್ಪು.
ಪಾಲಯ್ಯನದೇ ಲೋಟದಲ್ಲಿ ಹಿಡಿದು
ರಸ್ತೆ ದಾಟಿ ಅವನ ಗಲ್ಲಾದ ಮೇಲಿಟ್ಟೆ.
“ತಗೋ, ಬಂತು.”

ರಾಳ ಕಲಸಿದರೆ ಹದಿನೈದು ನಿಮಿಷ ಕೈಗೆ ಸಿಗುತ್ತದೆ,
ನಮ್ಮ ಏಪ್ರಿಲ್ಲಿನಲ್ಲಿ ಆರು.
ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೆದ್ದು ಗಾಜಿನ ಬಟ್ಟೆ ಹಾಸಿದೆವು.
ದೂರದ ಗುಡ್ಡದ ಮೇಲೆ ಗಾಳಿಫ್ಯಾನುಗಳ ಕೆಂಪು ದೀಪ
ಹೊತ್ತಿ ಆರಿ, ಹೊತ್ತಿ ಆರಿ.
ಗಾಳಿ ಏಳುವುದರೊಳಗೆ ಮುಗಿಯಬೇಕು,
ಎದ್ದರೆ ಮಿಲ್ಲಿನ ಸಿಪ್ಪೆ ಬಂದು ಒದ್ದೆಗೆ ಅಂಟುತ್ತದೆ.
ಒಂದು ಅಂಟಿದೆ, ಬಲಗಡೆ, ಮೂರನೆಯ ಪದರದ ಕೆಳಗೆ.
ಇರಲಿ ಬಿಡು ಅಂದೆ.
ಗಾಜಿನ ನವೆ ಮಾತ್ರ ಮೊಣಕೈಯಲ್ಲಿ ರಾತ್ರಿಯೆಲ್ಲ ಉಳುತ್ತಿತ್ತು.

ಪಿಸ್ಟನ್ನುಗಳು ಜಾಮ್.
ಎಂಟು ಬಾಯಿಗೂ ಸೀಮೆಎಣ್ಣೆ ಹೊಯ್ದು
ಬಾಣಂತಿ ಮನೆಯ ಮುಂದೆ ಕಾಯುವವರ ಹಾಗೆ ಕಾದೆವು.
ಲಾರಿಯ ಹಾಗೆ ಇದಕ್ಕೆ ರೇಡಿಯೇಟರ್ ಇಲ್ಲ,
ತೇಲುವ ನೀರನ್ನೇ ಕುಡಿದು ಉಗುಳಿ ತಣ್ಣಗಿರುವ ಜಾತಿ.
ಟ್ಯಾಂಕರಿನ ಪೈಪು ಬಿಗಿದು ಸೆಲ್ಫ್ ಹೊಡೆದ.
ಕೆಮ್ಮಿತು. ಕಪ್ಪಗೆ ಕಾರಿತು.
ಆಮೇಲೆ ಎಂಟೂ ಒಟ್ಟಿಗೆ ಬಾಯಿಬಿಟ್ಟಾಗ
ರಸ್ತೆಯಾಚೆ ಸ್ಟ್ಯಾಂಡಿನಲ್ಲಿ ಲೋಟಗಳು ನಡುಗಿದವು.
ಅವತ್ತು ಪಾಲಯ್ಯ ಏನೂ ಕೇಳಲಿಲ್ಲ.

ಮಾರಿ ಕಣಿವೆಯ ಹಿನ್ನೀರು. ಒಂದೇ ಬೆಳಗಿಗೆ, ಒಂದೇ ಗಂಟೆಗೆ ಸಹಿ.
ಮೀನಿನ ಸೊಸೈಟಿಯವರು ಬಲೆ ಎತ್ತಿ ದಾರಿ ಬಿಟ್ಟು
ಹರಿಗೋಲಿನಲ್ಲೇ ನಿಂತು ನೋಡಿದರು.
ದಾದಾಪೀರ್ ಸ್ಟೇರಿಂಗ್ ನನಗೆ ಬಿಟ್ಟುಕೊಟ್ಟ.
ಸನ್ನೆ ಒತ್ತಿದೆ. ಮೂಗು ಎದ್ದು ಬರೀ ಆಕಾಶ.
ಇನ್ನೂ ಒತ್ತಿದೆ. ಇಡೀ ಮೈ ನೀರ ಮೇಲೆ ಬಂದು ಚಪ್ಪಟೆ ಮಲಗಿತು.
ಈಗ ಕೆಳಗಿರುವುದು ನೀರಲ್ಲ, ಜಲ್ಲಿ ರಸ್ತೆ,
ಹಲ್ಲು ಹಲ್ಲಿಗೆ ತಾಗುತ್ತಿತ್ತು.
ನಮ್ಮದೇ ಸದ್ದು ಗುಡ್ಡಕ್ಕೆ ಬಡಿದು
ನಮ್ಮನ್ನು ಹುಡುಕಿಕೊಂಡು ತಡವಾಗಿ ಬಂತು.

“ಎಷ್ಟೂ?” ಅಂತ ಕೂಗಿದ.
ಮೀಟರ್ ನೋಡಿದೆ. ಸೊನ್ನೆ.
ಮುಳ್ಳು ಏಳಲೇ ಇಲ್ಲ.

ದಡದಲ್ಲಿ ಬಗ್ಗಿ ನೋಡಿದರೆ
ವೇಗ ಅಳೆಯುವ ತೂತಿಗೆ, ಬೆಂಕಿಕಡ್ಡಿಯಷ್ಟು ತೂತಿಗೆ,
ಕುಂಬಾರ ಹುಳು ಮಣ್ಣು ಮೆತ್ತಿತ್ತು,
ನುಣ್ಣಗೆ, ಒಂದು ಬಿರುಕೂ ಇಲ್ಲದೆ.
ಇಡೀ ದೋಣಿ ತಟ್ಟಿದ್ದೆ,
ಅಷ್ಟೊಂದು ಜಾಗ ಬಿಟ್ಟು.

ಗಂಟೆ ಮುಗಿದಿತ್ತು.

ಈಗ ಪಾಲಯ್ಯನ ಪ್ರಶ್ನೆ ಬದಲಾಗಿದೆ:
“ಎಷ್ಟು ಓಡ್ತು ಓಬಕ್ಕ?”
ನಿನ್ನೆ ಎಪ್ಪತ್ತು ಅಂದಿದ್ದೆ.
ಇವತ್ತು ಟೀ ಸ್ಟ್ರಾಂಗಾಗಿತ್ತು, ತೊಂಬತ್ತು ಅಂದೆ.