ಆರು ಹಾಳಿ

ರಾಯಚೂರಿನಿಂದ ಪ್ಯಾಸೆಂಜರ್ ಗಾಡಿಗೆ ಬರ್ತಿತ್ತು ಕಟ್ಟು,
ಮ್ಯಾಲ ಗೋಣಿತಾಟು, ಸುತ್ತ ಸುತಳಿ.
ಒಂದು ಪಿಚ್ಚರಿಗೆ ಆರು ಹಾಳಿ.
ಮ್ಯಾಲಿನೆರಡರಾಗ ಆಕಾಶ, ಹೆಲಿಕಾಪ್ಟರ್, ಹೀರೋನ ಮಾರಿ,
ನಡುವಿನೆರಡರಾಗ ಅವನ ಎದಿ, ಕೈ, ಹರಿಲಿಕ್ಕೆ ಬಂದ ಹಗ್ಗ,
ತಳದೆರಡರಾಗ ಕಮರಿ,
ಕಮರಿಯೊಳಗ ಬಾಯಿ ತೆರೆದ ಮೊಸಳಿ.
ಹೆಸರು ಓದಲಿಕ್ಕೆ ಆಗ್ತಿರಲಿಲ್ಲ,
ಅಕ್ಷರಕ್ಕೆಲ್ಲ ಬೆಂಕಿ ಹಚ್ಚಿದ್ರು.
ಯಾದಗಿರಿ ಮಂದಿ ಹಗ್ಗದ ಪಿಚ್ಚರ್ ಅಂದ್ರು,
ಅಷ್ಟೇ ಸಾಕಾಯ್ತು.

ಮಶಾಕಸಾಬ ಹಚ್ಚಾವ, ನಾ ಬಕೀಟು ಹಿಡಿಯಾವ.
ನನಗಾಗ ಹನ್ನೆರಡು.
ಎರಡನೇ ಆಟ ಬಿಟ್ಟಮ್ಯಾಲ ಮೈದಾ ಕುದಿಸ್ತಿದ್ವಿ
ಟಾಕೀಸಿನ ಹಿಂದ, ಮುರಿದ ಕುರ್ಚಿ ಕಟಗಿ ಉರಿಸಿ.
ಬ್ಯಾರೆ ಊರಾಗ ಅಂಟಿನಾಗ ಮೈಲುತುತ್ತ ಹಾಕ್ತಾರ,
ಆಡು ತಿನಬಾರದಂತ.
ಮಶಾಕಸಾಬ ಹಾಕ್ತಿರಲಿಲ್ಲ.
"ಅದರ ಹೊಟ್ಟಿ ಸುಟ್ಟು ನಾ ಯಾವ ಪಿಚ್ಚರ್ ಓಡಿಸ್ಲೋ?"

ಗ್ವಾಡಿ ನೋಡಿ ಹಚ್ಚಬೇಕು ಅಂತಿದ್ದ.
ಹೊಡದಾಟದ್ದು ಬಸ್‌ಸ್ಟ್ಯಾಂಡಿಗೆ, ಅಳೂದು ದವಾಖಾನಿ ಎದುರಿಗೆ,
ಇಂಥಾ ಎತ್ತರದ್ದು, ಎದಿ ಝಲ್ಲನ್ನೂದು,
ಹತ್ತಿ ಗಿರಣಿ ಗ್ವಾಡಿಗೆ.
ಹಿಂದ ಖರೇ ಗುಡ್ಡ ಕಾಣಬೇಕು, ಗುಡ್ಡದ ಮ್ಯಾಲ ಖರೇ ಕ್ವಾಟಿ,
ನೋಡಾವ್ರ ಕಣ್ಣು ಕಾಗದದಿಂದ ಕಲ್ಲಿಗೆ
ಗೊತ್ತಾಗದಂಗ ಹತ್ತಿಬಿಡಬೇಕು.

ಸೋಮವಾರ ಮುಂಜಾನಿ ಆಡು ಬಂದ್ವು.
ಹಿಂಗಾಲ ಮ್ಯಾಲ ನಿಂತು ಎಟಕಿದಷ್ಟು ತಿಂದ್ವು.
ಮೊದಲು ಮೊಸಳಿ,
ಆಮ್ಯಾಲ ಕಮರಿ, ಕಮರಿಯಾಗಿನ ನೀರು,
"ದಿನಾ ನಾಕು ಆಟ", ಹೀರೋನ ಎಡಗಾಲಿನ ಬೂಟು.
ಸಾವ್ಕಾರ ಗುರುಲಿಂಗಪ್ಪ ಜೀಪಿನಿಂದ ಇಳದು ಬೈದ,
ನನ್ನ, ಮಶಾಕಸಾಬನ್ನ, ಆಡಿನ ಮಾಲಕನ ಮನೆತನವೆಲ್ಲ,
ಬೈಕೋತ ಬೈಕೋತ ಸುಮ್ಮನಾದ.
ಯಾಕಂದ್ರ ಮಂದಿ ನಿಂತಿತ್ತು.
ಸೈಕಲ್ ನಿಂತಿದ್ವು, ಹತ್ತಿ ಅಂಡಿಗಿ ಬಂಡಿ ನಿಂತಿತ್ತು.
ತಳ ಇಲ್ಲ. ಹೀರೋ ಜೋತಾಡ್ತಾನ
ಬರೇ ಗ್ವಾಡಿ ಮ್ಯಾಲ, ಸುಣ್ಣ ಉದುರಿದ ಕಲ್ಲಿನ ಮ್ಯಾಲ,
ಬಿದ್ದರ ಎಲ್ಲಿಗೆ ಬೀಳ್ತಾನ ಯಾರಿಗೂ ತಿಳೀವಲ್ದು.
ಭಾಜಿ ಬುಟ್ಟಿ ತಲಿಮ್ಯಾಲಿದ್ದ ಸಾಬವ್ವ
"ಎಪ್ಪಾ, ಕೈ ಬಿಡಬ್ಯಾಡೋ" ಅಂದ್ಲು.
ಚಾಷ್ಟಿಗೆ ಅಂದಿದ್ದಲ್ಲ.

ಸಂಜಿಗೆ ಮೈಕಿನ ಭೀಮಶಾ ಊರೆಲ್ಲ ಒದರಿದ:
"ಕೆಳಗೇನದ? ನೋಡಬೇಕಂದ್ರ ಟಾಕೀಸಿಗೇ ಬರ್ರಿ!"
ಆ ವಾರ ಕುರ್ಚಿ ಸಾಲದ ಬೆಂಚು ತರಿಸಿದ್ರು.

ಪಿಚ್ಚರ್ ನಾ ನೋಡೀನಿ, ಪುಕ್ಕಟೆ, ಬಾಗಿಲ ಬಲ್ಲಿ ಕೂತು.
ಮೊಸಳಿ ಇರಲಿಲ್ಲ.
ಹೆಲಿಕಾಪ್ಟರ್ ಒಮ್ಮೆ ದೂರ ಹೋಯ್ತು, ನೊಣದಷ್ಟು.
ಹಗ್ಗ ಎರಡು ನಿಮಿಷ, ಹರೀಲೇ ಇಲ್ಲ.
ಅಳಕೋತ ಹೊರಗ ಬಂದೆ, ಸುಳ್ಳು ಹಚ್ಚೀವಿ ಕಾಕಾ ಅಂದೆ.
ಅವ ಬಕೀಟಿನ ತಳ ಕೆರೀಲಿಕತ್ತಿದ್ದ.
ಜೀವಮಾನದಾಗ ಒಂದೂ ಪಿಚ್ಚರ್ ಪೂರಾ ನೋಡಿದಾವಲ್ಲ,
ಒಂದು ಒಳಗ ಓಡೂಮುಂದ
ಹೊರಗ ಮುಂದಿನದು ಹಚ್ಚಬೇಕಲ್ಲ.
"ಅವರು ಮರೆತಿರಬೇಕು" ಅಂದ.
"ನಾ ಅಂತೂ ಮೊಸಳಿ ಹಚ್ಚಿದ್ದೆ. ಬೇಕಂದ್ರ ಆಡಿಗೆ ಕೇಳು."

ಈಗ ಫ್ಲೆಕ್ಸು. ಯಾವ ಆಡೂ ಮೂಸಂಗಿಲ್ಲ.
ಫೋನಿನಾಗ ಟ್ರೇಲರ್, ಅಕ್ಷರ ಖರೇನೇ ಉರೀತಾವ,
ಮಗಳು ಹೆಬ್ಬಟ್ಟಿನಿಂದ ಮ್ಯಾಲ ತಳ್ತಾಳ,
ಕಮರಿ, ಹಗ್ಗ, ಕಮರಿ.

ಹೋದ ವರ್ಷ ರಸ್ತಾ ಅಗಲ ಮಾಡಲಿಕ್ಕೆ
ಗಿರಣಿ ಗ್ವಾಡಿ ಕೆಡವಿದ್ರು. ನೋಡಲಿಕ್ಕೆ ಹೋಗಿದ್ದೆ.
ಕಾಗದ ಎದ್ದು ಬಂತು ಧಪಾಟಿ ದಪ್ಪ, ಪದರಿಗೊಂದು ಪಿಚ್ಚರ್,
ಯಾರದೋ ಮೀಸಿ, ಯಾರದೋ ಕಣ್ಣು, ಅರ್ಧ ಹುಲಿ.
ಕೆಳಗಿನ ಅಂಚು ಮಾತ್ರ ಎಲ್ಲಾದ್ದೂ ಹಲ್ಲಿನಿಂದ ಹರಿದದ್ದು,
ಒಂದೇ ಎತ್ತರಕ್ಕ.
ಪಕ್ಕಕ್ಕ ನಿಂತು ಅಳತಿ ನೋಡ್ದೆ.
ನನ್ನ ಎದಿಮಟ.
ಆಗ ಅದು ತಲಿಮಟ ಇತ್ತು.