ಹೆಬ್ಬೆರಳು

ಅರಬೈಲು ಘಟ್ಟ ಹತ್ತುವಾಗಲೇ
ಬಲಗಿವಿಗೆ ಯಾರೋ ಹತ್ತಿ ತುರುಕಿದ್ದರು.
ಟೆಂಪೊದಲ್ಲಿ ಹನ್ನೆರಡು ಜನ, ಎಲ್ಲರ ಬಾಯಲ್ಲೂ ಒಂದೊಂದು ಮೀನು,
ಹೇಳಿದಷ್ಟೂ ಉದ್ದ ಬೆಳೆಯುವಂಥದ್ದು.
ನನ್ನದು ಗದಗ ದಾಟುವಾಗ ತಿಮಿಂಗಿಲ.
ಕೊಪ್ಪಳದ ದೀಪ ಕಂಡಾಗ, ನಿಲ್ಲಿಸಪಾ ಗಾಡಿ, ಅಂದೆ.
ಇಳಿದೆ. ಡಾಂಬರು ಅಲೆಯಾಗಿ ಎದ್ದು ಬಂತು.
ಸೇಠ್ ಕೊಡಿಸಿದ ಮಧ್ಯಾಹ್ನದ ಊಟವೆಲ್ಲ ರಸ್ತೆಯ ಪಾಲು.

ಬಳ್ಳಾರಿಗೆ ಬಂದರೆ
ಕೌಲ್ ಬಜಾರಿನ ನಮ್ಮ ಓಣಿ ಒಂದು ಕಡೆಗೆ ವಾಲಿ ನಿಂತಿದೆ.

ಹುಲಿಗೆಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಘಾಟೇ ಬರಲಿಲ್ಲ ನೋಡು, ಎಂಥ ದೃಷ್ಟಿ, ಅಂದಳು.
ನನಗೆ ಮೂಗು ಕಟ್ಟಿ ವಾರವಾಗಿತ್ತು.
ಅವಳು ಕೆಮ್ಮಿದ್ದನ್ನು ಇಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಟಿಂಗ್ ಮಾಸ್ಟರ್ ಖಾದರ್ ಬಾಷಾ ಎಲ್ಲೋ ಓದಿಕೊಂಡು ಬಂದ:
‘ರಕ್ತದಾಗ ಗುಳ್ಳಿ ಏಳ್ತಾವಂತಲೇ,
ಸೋಡಾ ಬಾಟಲಿ ಗೋಲಿ ಒತ್ತಿದಂಗ.
ಮುಳುಗಿದ ದಿನಾ ಎತ್ತರಕ್ಕ ಹೋಗಬಾರದಂತ.’
ಎತ್ತರಕ್ಕೆಲ್ಲಿ ಹೋದೆ, ಮನೆಗೆ ಬಂದೆ, ಅಂದೆ.
‘ಸಮುದ್ರದಿಂದ ನಮ್ಮೂರು ಸಾವಿರದೈನೂರು ಅಡಿ ಮ್ಯಾಲೈತಿ.’
ಹುಟ್ಟಿದಾಗಿನಿಂದ ಸಪಾಟು ಅಂದುಕೊಂಡ ಊರು
ಆ ರಾತ್ರಿ ಹಾಸಿಗೆ ಸಮೇತ ನನ್ನನ್ನು ಎತ್ತಿ ಹಿಡಿದಿತ್ತು.
ಮೊಣಕೈಯಲ್ಲಿ, ಮೊಣಕಾಲಲ್ಲಿ
ಗುಳ್ಳೆ ಒಡೆಯುವುದನ್ನು ಕಾಯುತ್ತ ಮಲಗಿದೆ.

ಸಿಲಿಂಡರಿನ ಗಾಳಿಗೆ ಡೀಸೆಲ್ ವಾಸನೆ ಇತ್ತೇನು? ಅದೂ ಇರಬಹುದಂತೆ.
ಜೀನ್ಸ್ ತೊಳೆಯುವ ಘಟಕದಲ್ಲಿ
ಒಂಬತ್ತು ವರ್ಷ ಬ್ಲೀಚ್ ಕುಡಿದ ಮೂಗು ನನ್ನದು.
ಅದಕ್ಕೆ ಎಲ್ಲ ಗಾಳಿಯೂ ಗಾಳಿಯೇ.

ಡಾಕ್ಟರಮ್ಮ ಕಿವಿಗೆ ಬೆಳಕು ಬಿಟ್ಟು ಕೇಳಿದರು:
ಎಷ್ಟು ಆಳ?
ಓಣಿಗೆ ಅರವತ್ತಡಿ ಹೇಳಿದ್ದೆ. ಇವರಿಗೆ ಇಪ್ಪತ್ತು ಅಂದೆ.
ಎಷ್ಟು ಹೊತ್ತು?
ಹನ್ನೊಂದು ನಿಮಿಷ.
‘ಗುಳ್ಳೆಗಿಳ್ಳೆ ಇರಲಿಕ್ಕಿಲ್ಲ ಬಿಡು. ಅಷ್ಟು ಆಳ ಹೋಗಿಲ್ಲ ನೀನು.’
ಬದುಕಿದೆ ಅನ್ನಿಸಬೇಕಿತ್ತು.
ಯಾಕೋ ಮುಖ ಸಣ್ಣದಾಯಿತು.
‘ನೆಗಡಿ ಇಟ್ಟುಕೊಂಡು ಇಳಿದಿದ್ದೀಯ, ತಮಟೆ ಕೆಂಪಾಗಿದೆ.
ನೋವಾದಾಗ ಹೇಳಬಾರದಾ?’

ಹೇಗೆ ಹೇಳಲಿ.
ಕೈ ಉಜ್ಜಿ ತೊಳೆದರೂ ಹೋಗದ ನೀಲಿಯಲ್ಲಿ ದುಡಿಯುವವನು ನಾನು,
ಅನ್ನ ಕಲಸಿದರೂ ಉಗುರ ಸಂದಿಯಲ್ಲಿ ಅದೇ.
ಅಲ್ಲಿ ತಲೆಯ ಮೇಲೆ, ಕಾಲ ಕೆಳಗೆ, ಕಂಕುಳಲ್ಲಿ
ಬರೀ ನೀಲಿ,
ಮುಳುಗಿ ಎದ್ದರೂ ಒಂದು ಚುಕ್ಕೆ ಮೈಗೆ ಹತ್ತದ್ದು.
ಕಿವಿಯಲ್ಲಿ ಮಶೀನಿನ ಸೂಜಿ ಮುರಿದಂತೆ ನೋವು.
ಕಲಿಸುವ ಹುಡುಗ ಬೆರಳು ಉಂಗುರ ಮಾಡಿ ಕೇಳಿದ: ಸರಿಯಾ?
ನಾನೂ ಉಂಗುರ ಮಾಡಿದೆ.
ಮತ್ತೆ ಕೇಳಿದ. ಮತ್ತೆ ಉಂಗುರ.
ಸೇಠ್ ಕೇಳಿದಾಗಲೂ ಮಾಡಿ ಮಾಡಿ ರೂಢಿಯಾದ ಕೈ.

ಆಗ ಬಂತು ಅದು. ತಿಮಿಂಗಿಲ ಅಲ್ಲ,
ಪ್ಯಾಂಟಿನ ಹಿಂದೆ ಹೊಲಿಯುವ ಲೇಬಲ್ಲಿನಷ್ಟೇ ಅಗಲ, ಹಳದಿ.
ಗಾಜಿಗೆ ಬಾಯಿ ಹಚ್ಚಿ
ಯಾರು ನೀನು ಎಂಬಂತೆ ನಿಂತಿತು.
ಖುಷಿಗೆ ಹೆಬ್ಬೆರಳು ಎತ್ತಿಬಿಟ್ಟೆ.

ನಮ್ಮಲ್ಲಿ ಅದು ಭೇಷ್.
ನೀರಿನೊಳಗೆ, ಮೇಲಕ್ಕೆ ಕರೆದೊಯ್ಯಿ.
ದಂಡೆಯಲ್ಲಿ ಹೇಳಿಕೊಟ್ಟಿದ್ದರು. ಮರೆತಿದ್ದೆ.
ಹುಡುಗ ನನ್ನ ಸಿಲಿಂಡರಿನ ಕುತ್ತಿಗೆ ಹಿಡಿದ,
ಮೀನು ಕೆಳಗೇ ಉಳಿಯಿತು.

ನಾಲ್ಕನೆಯ ರಾತ್ರಿ ಆಕಳಿಸಿದಾಗ ಕಿವಿ ಟಪ್ಪೆಂದಿತು.
ಒಮ್ಮೆಲೇ ಎಲ್ಲ ಬಂತು: ಪಕ್ಕದ ಮನೆಯ ಹೊಲಿಗೆ ಮಶೀನು,
ಅದಿರು ಹೊತ್ತ ಗೂಡ್ಸಿನ ಉದ್ದ ಸದ್ದು, ಹುಲಿಗೆಮ್ಮನ ಬಳೆ.
ನಾಲ್ಕು ದಿನ ಒಳಗೆ ಮೊರೆಯುತ್ತಿದ್ದದ್ದು ಮಾತ್ರ ಇಲ್ಲ.
ತಲೆ ಅಲ್ಲಾಡಿಸಿದೆ, ಇಲ್ಲ.

‘ಆರಾಮಾತೇನು?’ ಅಂದಳು ನಿದ್ದೆಗಣ್ಣಲ್ಲಿ.
ಕತ್ತಲೆಯಲ್ಲಿ ಕೈ ಎತ್ತಿದೆ.
ಯಾವ ಬೆರಳು ಅಂತ ತಿಳಿಯದೆ
ಹಾಗೇ ಹಿಡಿದುಕೊಂಡಿದ್ದೆ.